ದೀಪವಿಲ್ಲದ ಊರು: ಹಳೆಯ ನಕ್ಷೆಗಳಲ್ಲಿ ಕಂಡ ಗಾಣದ ಹಳ್ಳಿ

ನಮ್ಮ ಸಂಘದ ಬೆಳೆಸಾಲದ ಪುಸ್ತಕ ತೆಗೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕೆಲವು ಸದಸ್ಯರ ಪಹಣಿಯಲ್ಲಿ ಗ್ರಾಮದ ಹೆಸರು ನಮ್ಮೂರಿನದಲ್ಲ, ಬೇರೊಂದು ಊರಿನದು. ಆ ಊರಲ್ಲಿ ಮನೆಯಿಲ್ಲ, ಗುಡಿಯಿಲ್ಲ, ಒಬ್ಬ ಮತದಾರನೂ ಇಲ್ಲ. ಆದರೂ ಅದರ ಹೆಸರಿನಲ್ಲಿ ವರ್ಷ ವರ್ಷ ಸಾಲ ಕೊಡುತ್ತೇವೆ, ವಸೂಲಿ ಮಾಡುತ್ತೇವೆ. ಹಿರಿಯರನ್ನು ಕೇಳಿದರೆ, "ಅದಾ? ಅದು ಗಾಣದೋರ ಹಾಳೂರು ಕಣಪ್ಪ" ಅಂತಾರೆ. ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಆ ಹಾಳೂರಿನ ಕಥೆಯನ್ನು ನಕ್ಷೆಗಳ ಸಹಾಯದಿಂದ ಹುಡುಕಲು ನಾವು ಹೊರಟೆವು.

ಕಂದಾಯ ಇಲಾಖೆಯ ಭಾಷೆಯಲ್ಲಿ ಇಂಥ ಊರಿಗೆ 'ಬೇಚರಾಕ್ ಗ್ರಾಮ' ಎಂದು ಹೆಸರು. ಇದು ಪಾರಸಿ ಮಾತು. 'ಬೇ' ಎಂದರೆ ಇಲ್ಲದ, 'ಚಿರಾಗ್' ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಎಂದರ್ಥ. ಜನ ಹೋದರೂ ಗ್ರಾಮದ ಎಲ್ಲೆ, ಸರ್ವೆ ನಂಬರು, ಹೆಸರು ಮಾತ್ರ ದಫ್ತರದಲ್ಲಿ ಉಳಿಯುತ್ತವೆ.

ನಮ್ಮ ಸೀಮೆಯ ನಕ್ಷೆಗಳ ಕಥೆಯೂ ದೊಡ್ಡದೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೊಂಡ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೆಲದ ಮೇಲೆ ಆಧಾರರೇಖೆ ಅಳೆದ. ಮುಂದೆ 1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾಯಿತು. ಹೊಲ ಹೊಲಕ್ಕೂ 33 ಅಡಿಯ ಸರಪಳಿ ಎಳೆದರು, ಬಾಂದು ಕಲ್ಲು ನೆಟ್ಟರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವೇ ನಮ್ಮ ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಇವತ್ತಿಗೂ ನಾವು ಜಗಳವಾಡುವುದು ಆ ಸರಪಳಿಯ ಲೆಕ್ಕದಲ್ಲೇ!

ಗ್ರಾಮನಕ್ಷೆ ಹರಡಿಕೊಂಡು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಬಂಡಿದಾರಿಗಳು. ನಾಲ್ಕು ಕಡೆಯಿಂದ ಬಂದ ದಾರಿಗಳು ಬರೀ ಹೊಲದ ನಡುವೆ ಕೂಡುತ್ತವೆ. ಊರಿಲ್ಲದ ಕಡೆ ದಾರಿ ಯಾಕೆ ಕೂಡಬೇಕು? ಅಲ್ಲೇ ಒಂದು ತುಂಡು ಖರಾಬು, ಪಕ್ಕದಲ್ಲಿ ಬಾವಿ. ಸರ್ವೆ ಆಫ್ ಇಂಡಿಯಾದ ಒಂದು ಅಂಗುಲಕ್ಕೆ ಒಂದು ಮೈಲಿಯ ಹಳೆಯ ನಕ್ಷೆಗಳಲ್ಲಂತೂ ಜನವಿರುವ ಊರಿಗೆ ಒಂದು ಗುರುತು, ಪಾಳುಬಿದ್ದ ಊರಿಗೆ ಬೇರೆ ಗುರುತು ಇರುತ್ತದೆ.

ನಕ್ಷೆ ಹಿಡಿದು ಜಾಗಕ್ಕೆ ಹೋದೆವು. ಬೂದಿ ಬಣ್ಣದ ಮಣ್ಣು, ಮಡಕೆ ಚೂರು. ಬದುವಿನಲ್ಲಿ ಅರ್ಧ ಹೂತುಹೋದ ದೊಡ್ಡ ಕಲ್ಲು, ನಡುವೆ ನುಣ್ಣಗೆ ಸವೆದ ಗುಣಿ. ಅದು ಗಾಣದ ಒರಳು. ಆ ಗುಣಿಯಲ್ಲಿ ಎಳ್ಳು, ಹುಚ್ಚೆಳ್ಳು ಸುರಿದು, ಒನಕೆ ನಿಲ್ಲಿಸಿ, ಎತ್ತು ಕಟ್ಟಿ ಸುತ್ತಿಸುತ್ತಿದ್ದರು. ಎಣ್ಣೆ ಮನೆಗೆ, ಹಿಂಡಿ ದನಕ್ಕೆ. ಕರ್ನಾಟಕದ ಶಾಸನಗಳಲ್ಲಿ ಗಾಣದ ಮೇಲಿನ ತೆರಿಗೆಯ ಮಾತು ಬರುತ್ತದೆ. ದೇವರ ನಂದಾದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ ಎಂದು ಬಿಟ್ಟ ದತ್ತಿಗಳೂ ಇವೆ. ಸುತ್ತಲ ಊರುಗಳ ದೀಪಕ್ಕೆ ಎಣ್ಣೆ ಕೊಟ್ಟವರ ಊರನ್ನೇ ಇಂದು ಸರ್ಕಾರದ ಪುಸ್ತಕ ದೀಪವಿಲ್ಲದ ಊರು ಎನ್ನುತ್ತದೆ. ಇದನ್ನು ನೆನೆದು ನಮಗೆ ಅಲ್ಲಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

"ದೊಡ್ಡ ಬರದಾಗೆ ಎದ್ದು ಹೋದ್ರಂತೆ" ಎಂಬುದು ನಮ್ಮ ಅಜ್ಜಂದಿರಿಂದ ಬಂದ ಮಾತು. 1876-78ರ ಬರ ಅಂಥದ್ದೇ ಆಗಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಮೇಲಿದ್ದರು. 1881ರ ಹೊತ್ತಿಗೆ 42 ಲಕ್ಷದಷ್ಟಾದರು. ಅಳಿದುಳಿದ ಗಾಣಗಳಿಗೂ ಸೀಮೆಎಣ್ಣೆ ಬಂದ ಮೇಲೆ ದೀಪದೆಣ್ಣೆಯ ಗಿರಾಕಿ ಕಡಿಮೆಯಾಯಿತು. ಆಮೇಲೆ ಯಂತ್ರದ ಮಿಲ್ಲುಗಳು ಬಂದವು.

ಬರದಲ್ಲಿ ರೈತನಿಗೆ ಕೈಸಾಲ ಕೊಡುವವನು ಸಾಹುಕಾರನೊಬ್ಬನೇ ಆಗಿದ್ದ ಕಾಲ ಅದು. ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ. ಗಾಣದೋರ ಕಷ್ಟಕಾಲಕ್ಕೆ ಅಂಥದೊಂದು ಸಂಘ ಇರಲಿಲ್ಲ. ನಮಗೆ ಇದೆ. ಸಾಲದ ಕಂತು ಕಟ್ಟುವಾಗ ಗೊಣಗುವ ಬಂಧುಗಳು ಇದನ್ನೊಮ್ಮೆ ನೆನೆಯಬೇಕು.

ಕೊನೆಗೊಂದು ಮನವಿ. ಹಾಳುಮಣ್ಣು ಒಳ್ಳೆಯ ಗೊಬ್ಬರವೆಂದು ಟ್ರ್ಯಾಕ್ಟರಿನಲ್ಲಿ ಹೇರುತ್ತಿದ್ದೇವೆ, ಕಲ್ಲುಗಳನ್ನು ಬದುವಿಗೆ ಇಡುತ್ತಿದ್ದೇವೆ. ಹೀಗೇ ಆದರೆ ಇನ್ನು ಕೆಲವು ವರ್ಷಕ್ಕೆ ಪಹಣಿಯ ಹೆಸರೊಂದೇ ಉಳಿದೀತು. ಆ ಗಾಣದ ಒರಳನ್ನು ಯಾರೂ ಒಡೆಯಬೇಡಿ. ಜಮೀನಿನ ಸದಸ್ಯರು ಒಪ್ಪಿದರೆ ಅದನ್ನು ಸಂಘದ ಕಟ್ಟಡದ ಮುಂದೆ ತಂದಿಟ್ಟು, ಬೆಳ್ಳಿಹಬ್ಬದ ಮೊದಲ ದೀಪವನ್ನು ಅದರ ಮೇಲೇ ಹಚ್ಚೋಣ ಎಂಬುದು ನಮ್ಮೆಲ್ಲರ ಆಸೆ.