ಬರೆಯದೆ ಉಳಿದ ಊಟ

ಕೊಹಿನೂರ ಎಂದೊಡನೆ ಪಟ್ಟಣದ ಸ್ನೇಹಿತರು ವಜ್ರದ ಮಾತೆತ್ತುತ್ತಾರೆ. ನಮ್ಮ ಕೊಹಿನೂರ ಬಸವಕಲ್ಯಾಣ ತಾಲ್ಲೂಕಿನ ಒಂದು ಹೋಬಳಿಯ ಊರು. ಅಲ್ಲಿ ಹೊಳೆಯುವುದು ಬಿಸಿಲೊಂದೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೂರು ತಿಂಗಳಿಗೆ, ವಿಶ್ರಾಂತಿಗೆಂದು ನಾನು ಆ ಊರಿಗೆ ಹೋದೆ. ಆಗ ನನಗೆ 53 ವರ್ಷ. ಬಸ್ಸಿಳಿದಾಗ ಎದುರುಗೊಂಡವರು 86 ವರ್ಷದ ನಮ್ಮ ಕಾಕಾ. ನನ್ನ ಚೀಲವನ್ನು ಕಸಿದು ಹೆಗಲಿಗೇರಿಸಿ ಅವರು ಮುಂದೆ ನಡೆದರು. ನಾನು ನಾಚಿಕೊಂಡು ಹಿಂದೆ ನಡೆದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ವೈದ್ಯರು ಕೊಟ್ಟಿದ್ದ ಪಥ್ಯದ ಹಾಳೆಯ ನೆತ್ತಿಯ ಮೇಲೆ ‘ಮೆಡಿಟರೇನಿಯನ್ ಆಹಾರ’ ಎಂದಿತ್ತು. ಬೀದರ ಜಿಲ್ಲೆಯವನಿಗೆ ಗ್ರೀಸಿನ ಊಟ! ಇದೆಲ್ಲಿಂದ ಬಂತೆಂಬ ಕುತೂಹಲದಿಂದ ಓದತೊಡಗಿದೆ. ಕಥೆ ಶುರುವಾಗುವುದು ಗ್ರೀಸಿನ ಕ್ರೀಟ್ ದ್ವೀಪದಲ್ಲಿ. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಆ ದ್ವೀಪದ ಜನಜೀವನವನ್ನು 1948ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದವರು ಮನೆಮನೆಗೆ ಹೋಗಿ ಪರಿಶೀಲಿಸಿದರು. ಲೀಲೆಂಡ್ ಆಲ್‌ಬಾ ಎಂಬವರು 1953ರಲ್ಲಿ ಅದನ್ನು ಪುಸ್ತಕವಾಗಿಸಿದರು. ಅಲ್ಲಿನವರ ತಟ್ಟೆಯಲ್ಲಿದ್ದುದು ರೊಟ್ಟಿ, ಬೇಳೆಕಾಳು, ಬಯಲಿನಲ್ಲಿ ತಾನಾಗಿ ಬೆಳೆದ ಸೊಪ್ಪು, ಹಣ್ಣು, ಧಾರಾಳವಾಗಿ ಆಲಿವ್ ಎಣ್ಣೆ. ಮಾಂಸ ಅಪರೂಪ. ಸ್ವಾರಸ್ಯವೇನೆಂದರೆ, ಆ ಊಟದಿಂದ ಬಹುಪಾಲು ಮನೆಗಳಿಗೆ ತೃಪ್ತಿಯಿರಲಿಲ್ಲ. ಮಾಂಸ ಇನ್ನಷ್ಟು ಬೇಕೆಂದು ಅವರು ಹಂಬಲಿಸುತ್ತಿದ್ದರು.

ಮುಂದೆ ಏನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಏಳು ದೇಶಗಳ ಅಧ್ಯಯನವನ್ನು ಆರಂಭಿಸಿದರು. 40ರಿಂದ 59 ವರ್ಷದೊಳಗಿನ 12,763 ಗಂಡಸರನ್ನು ಪರೀಕ್ಷಿಸಿ, ಅವರನ್ನು ವರ್ಷಗಟ್ಟಲೆ ಬೆನ್ನುಹತ್ತಿದ ಕೆಲಸವದು. ಹೃದ್ರೋಗದಿಂದ ಸತ್ತವರು ಅತ್ಯಂತ ಕಡಿಮೆಯಿದ್ದುದು, ಮಾಂಸಕ್ಕಾಗಿ ಹಂಬಲಿಸಿದ ಆ ಕ್ರೀಟಿನಲ್ಲಿಯೇ. 2009ರಲ್ಲಿ ಅಥೆನ್ಸಿನ ವೈದ್ಯರು ಇಕಾರಿಯಾ ಎಂಬ ಇನ್ನೊಂದು ದ್ವೀಪಕ್ಕೆ ಹೋದರು. ಅಲ್ಲಿ 80 ದಾಟಿದ ಮುದುಕರು ಗುಡ್ಡ ಹತ್ತಿಳಿದು ದುಡಿಯುತ್ತಿದ್ದರು. ಮಧ್ಯಾಹ್ನ ಒಂದು ಜೊಂಪು ನಿದ್ದೆ ಮಾಡುತ್ತಿದ್ದರು. ಬಂಧುಬಳಗದ ನಡುವೆ ಬಾಳುತ್ತಿದ್ದರು.

ಇಷ್ಟು ಓದಿ ತಲೆಯೆತ್ತಿದರೆ ನನ್ನೆದುರಿಗೆ ಕಾಕಾ ಊಟಕ್ಕೆ ಕುಳಿತಿದ್ದರು. ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಅಗಸಿ ಹಿಂಡಿ, ಕುಸುಬಿ ಎಣ್ಣೆ. ದನಗಳು ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬಿಯನ್ನು ಬಿತ್ತುವುದು ನಮ್ಮ ಕಡೆಯ ಹಳೆಯ ರೂಢಿ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಕ್ರೀಟಿನವರು ಬಯಲಿನಿಂದ ಕಿತ್ತು ತಿನ್ನುವ ಸೊಪ್ಪುಗಳಲ್ಲಿ ಒಂದು, ನಮ್ಮ ಹೊಲಗಳಲ್ಲಿ ಕಳೆಯಾಗಿ ಹಬ್ಬುವ ಗೋಳಿ ಪಲ್ಯ. ಅದರಲ್ಲಿಯೂ ಅಗಸಿಯಲ್ಲಿಯೂ ಇರುವ ಒಂದು ಬಗೆಯ ಕೊಬ್ಬು ಹೃದಯಕ್ಕೆ ಹಿತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕುಳಿತು ನಾವು ಉಣ್ಣುವ ಭಜ್ಜಿಯನ್ನು, ಅಂದರೆ ಹಸಿಗಾಳು ಸೊಪ್ಪುಗಳ ಆ ಕೂಟವನ್ನು, ಕ್ರೀಟಿನ ರೈತನ ಮುಂದಿಟ್ಟರೆ ಅವನು ಹೊಸದೆಂದು ಬೆರಗಾಗಲಾರ.

ಹಾಗಾದರೆ ನಮ್ಮ ಈ ಊಟದ ಚರಿತ್ರೆ ಎಲ್ಲಿದೆ? ಊಟದ ವಿಷಯದಲ್ಲಿ ಕಲ್ಯಾಣವೇನೂ ಮೌನವಾಗಿದ್ದ ಊರಲ್ಲ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ, ಅದರಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗವನ್ನಿಟ್ಟ. ಇಡ್ಲಿ, ದೋಸೆ, ವಡೆಗಳ ಪೂರ್ವಜರು ಅಲ್ಲಿದ್ದಾರೆ. ಸುಟ್ಟ ಹಂದಿಯೂ ಇದೆ. ಕೆಲವೇ ದಶಕಗಳ ಮೇಲೆ ಅದೇ ಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದ ಗಂಡನಿಗೆ ‘ಇದು ಹೆಚ್ಚಾಯಿತು, ತಿರುಗಿ ಸುರಿದು ಬಾ’ ಎಂದು ಆಯ್ದಕ್ಕಿ ಲಕ್ಕಮ್ಮ ಹೇಳಿದಳೆಂದು ಶರಣ ಪರಂಪರೆ ನೆನೆಯುತ್ತದೆ. ಅರಸನ ಭೋಗ ಗ್ರಂಥವಾಯಿತು, ಶರಣೆಯ ನಿಷ್ಠೆ ಕಥೆಯಾಯಿತು. ಆದರೆ ಇವರಿಬ್ಬರ ನಡುವೆ, ದಿನವೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದ ಒಕ್ಕಲಿಗನ ಗಂಟನ್ನು ಬಿಚ್ಚಿ ನೋಡಿ ಬರೆದಿಟ್ಟವರು ಯಾರು?

ಒಂದು ಸಂಜೆ ಕೇಳಿದೆ: “ಕಾಕಾ, ನೀವು ಇಷ್ಟು ಗಟ್ಟಿ ಇರಬೇಕಾದರ ಏನು ಉಂಡೀರಿ?”

“ಏನ ಸಿಕ್ತದ ಅದ ಉಂಡೀವಿ ತಮ್ಮಾ. ಅನ್ನ ಅಂಬೋದು ಹಬ್ಬಕ್ಕ ಕಂಡೀವಿ. ನಾವು ಐದು ಮಂದಿ ಹುಟ್ಟಿದ್ವಿ. ದೊಡ್ಡವರಾದವರು ಇಬ್ಬರೇ, ನಿಮ್ಮಪ್ಪ ಮತ್ತ ನಾ. ಉಳಿದವರೂ ಇದ ರೊಟ್ಟಿನೇ ಉಂಡಿದ್ರು.”

ನನ್ನ ಉತ್ಸಾಹ ಅಲ್ಲಿಗೆ ಇಳಿಯಿತು. ಗಟ್ಟಿಯಾದ ಮುದುಕರನ್ನು ಕಂಡು ಹಳೆಯ ಕಾಲವನ್ನು ಹೊಗಳುವಾಗ ನಾವು ಲೆಕ್ಕಕ್ಕೆ ಹಿಡಿಯುವುದು ಉಳಿದವರನ್ನು ಮಾತ್ರ. ಬರಗಾಲಕ್ಕೂ ಜ್ವರಕ್ಕೂ ತುತ್ತಾದ ಮಕ್ಕಳು ಸಾಕ್ಷಿ ಹೇಳಲು ಬರುವುದಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದು ಅಕ್ಕಿ ಮನೆಮನೆಗೆ ತಲುಪಿದಾಗ ಕಾಕಾ ಸಂತೋಷಪಟ್ಟವರು. ಹಬ್ಬದ ಅನ್ನ ದಿನದ ಅನ್ನವಾದುದು ಬಡವನಿಗೆ ಸಣ್ಣ ಮಾತಲ್ಲ.

ಆದರೂ ಲೆಕ್ಕದ ಇನ್ನೊಂದು ಮಗ್ಗುಲೂ ಉಂಟು. ಕ್ರೀಟಿನಲ್ಲಿ ಕೈಗೆ ಹಣ ಬಂದ ಮೇಲೆ ಮಾಂಸವೂ ಬಂತು, ಮೋಟಾರೂ ಬಂತು. 1960ರ ನಂತರದ ಮೂರು ದಶಕಗಳಲ್ಲಿ ಅಲ್ಲಿನ ಗಂಡಸರ ಮೈತೂಕವೂ ರಕ್ತದ ಕೊಲೆಸ್ಟರಾಲೂ ಏರಿದವು. 52 ದೇಶಗಳನ್ನೊಳಗೊಂಡು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ ನಮಗೂ ಎಚ್ಚರಿಕೆ ಹೇಳಿತು: ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಬರುವುದು ಉಳಿದವರಿಗಿಂತ ಐದಾರು ವರ್ಷ ಮೊದಲೇ, ಸುಮಾರು 53ರಲ್ಲಿ. ಓದಿದಾಗ ಕೈ ತಾನಾಗಿ ಎದೆಯ ಮೇಲೆ ಹೋಯಿತು. ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಅಲುಗಾಡದ ಮೈ—ಅವರು ಪಟ್ಟಿಮಾಡಿದ ಕಾರಣಗಳಲ್ಲಿ ಬಹಳಷ್ಟು ನನ್ನ ಮೂವತ್ತು ವರ್ಷದ ಕಛೇರಿ ಜೀವನದ ಸಂಪಾದನೆಗಳೇ.

ಕಾಕಾ ನಡೆದದ್ದು ವ್ಯಾಯಾಮಕ್ಕಲ್ಲ, ಹೊಲ ದೂರವಿತ್ತೆಂದು. ಅವರಿಗೆ ಆಯ್ಕೆಯೇ ಇರಲಿಲ್ಲ. ನನಗೆ ಆಯ್ಕೆಯಿತ್ತು; ಹೊಟ್ಟೆ ತುಂಬಿದ ಮೇಲೂ ರೊಟ್ಟಿಯನ್ನು ಆರಿಸಿಕೊಳ್ಳಬಹುದಿತ್ತು. ಆರಿಸಿಕೊಳ್ಳಲಿಲ್ಲ.

ಕೊಹಿನೂರಿನ ಸುತ್ತ ಈಗ ಮುಂಗಾರಿನಲ್ಲಿ ಕಣ್ಣು ಹಾಯಿಸಿದಷ್ಟೂ ಸೋಯಾ. ಹುಮನಾಬಾದಿನ ಕಡೆಗೆ ಕಬ್ಬು. ಅಂಚಿನ ಕುಸುಬಿ ತೆಳುವಾಗುತ್ತಿದೆ. ಕ್ರೀಟಿನ ಬಡವರ ತಟ್ಟೆಯನ್ನು ಯಾರೋ ಸಕಾಲದಲ್ಲಿ ಬರೆದಿಟ್ಟುದರಿಂದ ಇಂದು ಅದು ಜಗತ್ತಿಗೆಲ್ಲ ಪಥ್ಯವಾಗಿದೆ. ನಮ್ಮದನ್ನು ಹೇಳಬಲ್ಲವರು ಊರಿಗೆ ಹತ್ತು ಜನರೂ ಉಳಿದಿಲ್ಲ. ಹೊರಡುವ ಮುನ್ನ ಎರಡು ದಿನ ಕಾಕಾರ ಪಕ್ಕದಲ್ಲಿ ಕುಳಿತು ಯಾವ ತಿಂಗಳು ಯಾವ ಸೊಪ್ಪು, ಯಾವ ಕಾಳು, ಯಾವಾಗ ಉಪವಾಸ ಎಂಬುದನ್ನು ಬರೆದುಕೊಂಡೆ. ನಲವತ್ತು ಪುಟವಾಯಿತು. ಚೀಲವನ್ನು ಮಾತ್ರ ಈ ಸಲ ನಾನೇ ಹೊತ್ತೆ.