ಬೀಗದೊಳಗಿನ ಹಸೆ ಹಾಡು

ಸಾಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಮ್ಮವರದೊಂದು ಸಣ್ಣ ಮುದ್ರಣಾಲಯವಿತ್ತು. ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದ ಮೇಲೆ, ಮದುವೆ ಕಾಗದ, ಸೊಸೈಟಿಯ ವರದಿಗಳ ನಡುವೆ ಬಿಡುವಾದಾಗಲೆಲ್ಲ ನಾನು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಹಸೆ ಹಾಡುಗಳನ್ನು ಟೈಪು ಮಾಡುತ್ತಿದ್ದೆ. ಎರಡು ಮಳೆಗಾಲದಲ್ಲಿ 43 ಹಾಡುಗಳಾದವು.

ಆ ಕನ್ನಡ ತಂತ್ರಾಂಶಕ್ಕೆ ಒಂದು ಬೀಗವಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾದ ಬೀಗವೇ. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ವಸ್ತು. ಅದಿಲ್ಲದೆ ತಂತ್ರಾಂಶ ಏಳುತ್ತಿರಲಿಲ್ಲ. 2005ರಲ್ಲಿ ಸಿಡಿಲು ಬಡಿದು ಕಂಪ್ಯೂಟರೂ ಬೀಗವೂ ಒಟ್ಟಿಗೇ ಸುಟ್ಟವು. ಮಾರಿದವರು ಅಷ್ಟರಲ್ಲಿ ಅಂಗಡಿ ಮುಚ್ಚಿ ಹೋಗಿದ್ದರು. ಹಾಡುಗಳು ಮೂರು ಫ್ಲಾಪಿಗಳಲ್ಲಿದ್ದವು. ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚುಕ್ಕೆ, ಗೀಟು, ಡಾಲರ್ ಗುರುತು. ಅಚ್ಚು ಮಾಡಿಟ್ಟಿದ್ದ ಒಂದೇ ಪ್ರತಿ ಗೆದ್ದಲಿನ ಪಾಲಾಗಿತ್ತು. ಅತ್ತೆಗೆ ಆಗಲೇ ಮರೆವು ಶುರುವಾಗಿತ್ತು. ಹಾಡು ಅವರದು, ಬೆರಳು ನನ್ನದು, ಬೀಗ ಮಾತ್ರ ಯಾರದೋ!

ಇಂಥದೇ ಸಿಟ್ಟು ನನಗಿಂತ ಕಾಲು ಶತಮಾನ ಮೊದಲು ಅಮೆರಿಕದಲ್ಲಿ ಒಬ್ಬರಿಗೆ ಬಂದಿತ್ತೆಂದು ಆಮೇಲೆ ಓದಿದೆ. ಎಂ.ಐ.ಟಿ.ಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣನಿದ್ದ. ಅಲ್ಲಿದ್ದ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ, ಕಾಯುತ್ತಿದ್ದವರಿಗೆಲ್ಲ ಸುದ್ದಿ ಹೋಗುವಂತೆ ಅದರ ತಂತ್ರಾಂಶವನ್ನು ಆತ ತಿದ್ದಿದ್ದ. 1980ರ ಸುಮಾರಿಗೆ ಜೆರಾಕ್ಸ್ ಕಂಪನಿ ಹೊಸ ಲೇಸರ್ ಯಂತ್ರವೊಂದನ್ನು ಉಡುಗೊರೆಯಾಗಿ ಕೊಟ್ಟಿತು. ಅದರಲ್ಲೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ತಿದ್ದೋಣವೆಂದರೆ ತಂತ್ರಾಂಶದ ಮೂಲ ಬರಹವೇ ಇಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಕಾಗದ ಸಿಕ್ಕಿದ ಯಂತ್ರದ ಮುಂದೆ ನಿಂತು ಹಲ್ಲು ಕಡಿದ ನಮ್ಮಂಥವರಿಗೆ ಆ ಕೋಪ ಬೇಗ ಅರ್ಥವಾಗುತ್ತದೆ.

1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ ಗ್ನು ಎಂಬ ಯೋಜನೆಯನ್ನು ಸಾರಿದ; ಮರುವರ್ಷ ನೌಕರಿ ಬಿಟ್ಟ. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶಗಳನ್ನು ಒಂದೊಂದಾಗಿ ಬರೆಯುವುದು ಅವನ ಹಟ. ಇದನ್ನು ವಿವರಿಸಲು ಆತ ಬಳಸುವ ಹೋಲಿಕೆ ಅಡುಗೆಯದು. ಪಕ್ಕದ ಮನೆಯವರಿಂದ ಸಾರಿನ ಪುಡಿಯ ಅಳತೆ ಕೇಳಿ ಬರೆದುಕೊಳ್ಳುತ್ತೇವೆ, ನಮ್ಮ ಮನೆಗೆ ಖಾರ ಕಡಿಮೆ ಮಾಡಿಕೊಳ್ಳುತ್ತೇವೆ, ತಂಗಿಗೂ ಹೇಳುತ್ತೇವೆ. ಅದಕ್ಕೆ ಯಾರೂ ಕಳ್ಳತನ ಅನ್ನುವುದಿಲ್ಲವಲ್ಲ! 1989ರಲ್ಲಿ ಬಂದ ಅವನ ಪರವಾನಗಿಯಲ್ಲಿ ಇನ್ನೂ ಒಂದು ಮಾತಿತ್ತು: ತಿದ್ದಿ ಹಂಚುವವರು ತಾವೂ ಬೀಗ ಹಾಕಕೂಡದು.

ಪಾತ್ರೆ ಪರಡಿ ಎಲ್ಲ ಬಂತು, ಒಲೆ ಮಾತ್ರ ಇರಲಿಲ್ಲ. ಯಂತ್ರವನ್ನು ನಡೆಸುವ ತಿರುಳಿನ ಭಾಗ ಬಾಕಿ ಉಳಿದಿತ್ತು. ಅದು ಬಂದದ್ದು ಫಿನ್ಲೆಂಡಿನಿಂದ. ಲಿನಸ್ ಟೋರ್ವಾಲ್ಡ್ಸ್ ಚಿಕ್ಕಂದಿನಲ್ಲಿ ಅಮ್ಮನ ತಂದೆಯ ಕಂಪ್ಯೂಟರಿನ ಮೇಲೆ ಕೈ ಪಳಗಿಸಿಕೊಂಡ ಹುಡುಗ. ಆ ಅಜ್ಜ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. 1991ರ ಆಗಸ್ಟ್ 25ರಂದು, 21ರ ವಯಸ್ಸಿನಲ್ಲಿ, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣಾ ವ್ಯವಸ್ಥೆ ಬರೆಯುತ್ತಿದ್ದೇನೆ, ದೊಡ್ಡದೇನಲ್ಲ, ಎಂದು ಆತ ಹೆಲ್ಸಿಂಕಿಯಿಂದ ತನ್ನಂಥ ಆಸಕ್ತರಿಗೆ ತಿಳಿಸಿದ. ಅದಕ್ಕೆ ಆತ ಯೋಚಿಸಿದ್ದ ಹೆಸರು ಫ್ರೀಕ್ಸ್. ಅದನ್ನು ಹಂಚಿಕೆಗೆ ಇಟ್ಟ ಗೆಳೆಯನಿಗೆ ಆ ಹೆಸರು ಹಿಡಿಸದೆ ಲಿನಕ್ಸ್ ಎಂದಿಟ್ಟನಂತೆ. ಒಳ್ಳೆಯದೇ ಆಯಿತು. 1992ರಲ್ಲಿ ಟೋರ್ವಾಲ್ಡ್ಸ್ ಅದನ್ನು ಸ್ಟಾಲ್‌ಮನ್ನನ ಪರವಾನಗಿಯ ಕೆಳಗೆ ತಂದ.

ಇವೆಲ್ಲವನ್ನೂ ಒಂದು ಕಟ್ಟಾಗಿ ಕೂಡಿಸುವ ಕೆಲಸಕ್ಕೆ 1993ರಲ್ಲಿ ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಕೈಹಾಕಿದ. ಆ ಕಟ್ಟಿನ ಹೆಸರು ಡೆಬಿಯನ್. ಮುಂದೆ ಅವನ ಹೆಂಡತಿಯಾದ ಡೆಬ್ರಾಳ ಹೆಸರು ಮೊದಲು, ಇಯಾನ್ ಅದರ ಬಾಲಕ್ಕೆ. ಇದನ್ನು ಓದಿ ಹೇಳಿದಾಗ ನಮ್ಮವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ನಾವು ಕೊಂಡ ಎರಡನೇ ಕೈ ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ, ವಿಂಡೋಸ್‌ಗೆ ದುಡ್ಡೂ ಇರಲಿಲ್ಲ. ಕಂಪ್ಯೂಟರ್ ಮಾಸಿಕವೊಂದರ ಜೊತೆ ಬಂದ ಕ್ನಾಪಿಕ್ಸ್ ಹಾಕಿ ನೋಡಿದೆ. ಎದ್ದಿತು, ಆದರೆ ಕನ್ನಡ ಬರಲಿಲ್ಲ. ಇನ್ನೊಂದನ್ನು ಹಾಕಲು ಹೋಗಿ ಮುದ್ರಣಾಲಯದ ಬಾಕಿ ಲೆಕ್ಕವನ್ನೆಲ್ಲ ಅಳಿಸಿಬಿಟ್ಟೆ. ನಮ್ಮವರು ಎರಡು ದಿನ ಮಾತಾಡಲಿಲ್ಲ. ಆ ವರ್ಷಗಳಲ್ಲಿ ಉಬುಂಟುವಿನವರು ಕೇಳಿದವರಿಗೆ ಸಿ.ಡಿ.ಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು, 2011ರಲ್ಲಿ ನಿಲ್ಲಿಸಿದರು. 2006ರಲ್ಲಿ ನಮ್ಮ ಮನೆಗೂ ಒಂದು ಬಂತು. ಡೆಬಿಯನ್ನಿನ ಮೇಲೇ ಕಟ್ಟಿದ್ದು. ಅದರ ಉಗ್ರಾಣದಲ್ಲಿ ಕೇದಗೆ, ಮಲ್ಲಿಗೆ ಎಂಬ ಎರಡು ಕನ್ನಡ ಅಕ್ಷರಶೈಲಿಗಳಿದ್ದವು. ಹೂವಿನ ಹೆಸರು ಕಂಡೇ ನನಗೆ ಅರ್ಧ ಧೈರ್ಯ ಬಂತು.

ಮೂರರಲ್ಲಿ ಒಂದು ಫ್ಲಾಪಿ ತೆರೆಯಲೇ ಇಲ್ಲ. 14 ಹಾಡು ಹಾಗೆ ಹೋದವು. ಉಳಿದದ್ದರಲ್ಲಿ ನನಗೆ ಬಾಯಿಪಾಠವಿದ್ದ ಒಂದು ಹಾಡಿನ ಕಡತ ತೆರೆದು, ಯಾವ ಗೀಟು ಯಾವ ಅಕ್ಷರವೆಂದು ನೋಟುಬುಕ್ಕಿನಲ್ಲಿ ಬರೆಯುತ್ತ ಹೋದೆ. ಹಳೆಯ ತಂತ್ರಾಂಶಗಳಲ್ಲಿ ತಲೆಕಟ್ಟು, ಕೊಂಬು, ದೀರ್ಘ ಎಲ್ಲ ಬಿಡಿ ಚೂರುಗಳು, ಕಂಪನಿಗೊಂದು ಸಂಖ್ಯೆ. ಎಲ್ಲರಿಗೂ ಒಂದೇ ಸಂಖ್ಯೆ ಇರಲೆಂದು ಬಂದದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅಲ್ಲಿ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಇಡುತ್ತಾರೆ. ಅರ್ಕಾವತ್ತು ಕಾಗದದ ಮೇಲೆ ಹಿಂದೆ, ನಾಲಿಗೆಯ ಮೇಲೆ ಮುಂದೆ. ಇದು ತಿಳಿಯದೆ ಗುರುತುಗಳನ್ನು ಬದಲಿಸಿದ್ದಕ್ಕೆ ಪಾರ್ವತಿ ಪ್ರತಿ ಹಾಡಿನಲ್ಲೂ ಪಾವರ್ತಿಯಾಗಿ ಹಸೆಗೆ ಬಂದಳು. ಹುಡುಕಿ ಬದಲಿಸುವ ಸಣ್ಣ ಆಜ್ಞೆಗಳನ್ನು ತಪ್ಪುತ್ತ ಕಲಿತೆ. ವಿಂಡೋಸ್‌ನಲ್ಲೂ ಇದು ಆಗುತ್ತಿತ್ತೇನೋ. ನನಗೆ ಸಿಕ್ಕಿದ್ದು ಇದು, ಕೇಳುವವರಿಲ್ಲದೆ ಮುಟ್ಟಲು ಬಿಟ್ಟದ್ದು ಇದು.

ಎಂಟು ತಿಂಗಳಿಗೆ 29 ಹಾಡು ಓದುವಂತಾದವು. ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೊದಲನೆಯದನ್ನು ಓದಿದೆ. ಕಣ್ಣು ಮುಚ್ಚಿ ಕೇಳಿದರು. ನನ್ನ ಹೆಸರು ಆ ಹೊತ್ತಿಗೆ ಅವರಿಗೆ ಆಗಾಗ ತಪ್ಪುತ್ತಿತ್ತು.

"ಎಂತದೇ, ನಡುವೆ ಒಂದು ಸಾಲು ನುಂಗಿದೀಯಲ್ಲೇ," ಎಂದರು.

ಅವರು ಹೇಳಿದ ಹಾಗೆ ಆ ಸಾಲನ್ನು ಸೇರಿಸಿದೆ. ಇನ್ನೊಂದು ಸಲ ಓದು ಎಂದರು.