ತವರಿಲ್ಲದವಳಿಗೆ ಸೂರು: ನೂರು ವರ್ಷದ ಕಥೆ

ನಮ್ಮ ಶೆಟ್ಟಿಕೊಪ್ಪದ ಕಡೆ ಗಂಡನ ಹೊಡೆತ ತಾಳಲಾರದ ಹೆಣ್ಣುಮಗಳಿಗೆ ಮೊದಲು ಕಾಣುವ ದಾರಿ ತವರುಮನೆ. ಅಪ್ಪ, ಅಮ್ಮ ಹೋದ ಮೇಲೆ ಆ ಬಾಗಿಲೂ ಗಟ್ಟಿಯಲ್ಲ. ಆಮೇಲೆ ಎಲ್ಲಿಗೆ? ಇದಕ್ಕೆ ಉತ್ತರ ಸಿಕ್ಕಿದ್ದು ನಿಧಾನವಾಗಿ.

1905ರಲ್ಲಿ ಬೆಂಗಳೂರಿನಲ್ಲಿ ಅಬಲಾಶ್ರಮ ಶುರುವಾಯಿತು. ಅದು ವಿಧವೆಯರಿಗೆ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಸರೆ. ಗಂಡ ಇದ್ದೂ ನೆಲೆಯಿಲ್ಲದವಳ ಕಷ್ಟ ಸರ್ಕಾರಕ್ಕೆ ಕಂಡಿದ್ದು ತಡವಾಗಿ. 1969ರಲ್ಲಿ ಕೇಂದ್ರದ ಅಲ್ಪಾವಧಿ ವಸತಿಗೃಹ ಯೋಜನೆ ಬಂತು. 2001ರ ಹೊತ್ತಿಗೆ ರಾಜ್ಯದ ಸಾಂತ್ವನ, ಕೇಂದ್ರದ ಸ್ವಾಧಾರ ಯೋಜನೆಗಳು ಬಂದವು. ಸ್ವಾಧಾರ ಗೃಹಗಳಿಗೆ ಈಗ ಶಕ್ತಿ ಸದನ ಎಂಬ ಹೆಸರು.

ಅಷ್ಟಾದರೂ ಹೊಡೆದವನು ಮನೆಯೊಳಗೆ, ಹೊಡೆಸಿಕೊಂಡವಳು ಹೊರಗೆ. ಇದನ್ನು ಬದಲಿಸಿದ್ದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಸಂಸಾರ ಮಾಡಿದ ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿರುವ ಹಕ್ಕು ಅವಳಿಗಿದೆ. ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕೊಡು ಎಂದು ಗಂಡನಿಗೆ ಕೋರ್ಟ್ ಆದೇಶಿಸಬಹುದು. ಅತ್ತೆ, ಮಾವನ ಹೆಸರಿನ ಮನೆಯಲ್ಲೂ ಈ ಹಕ್ಕು ಇರಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮನೆ ಬಿಟ್ಟು ಬಂದರೆ ಹಕ್ಕೂ ಹೋಯ್ತು ಎಂಬ ಮಾತನ್ನು ನಾವು ಊರೂರಲ್ಲಿ ಕೇಳುತ್ತೇವೆ. ಜೀವ ಉಳಿಸಿಕೊಳ್ಳಲು ಹೊರಬಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆಶ್ರಯ ಕೇಂದ್ರ ದಾರಿ ನಡುವಿನ ತಂಗುದಾಣ, ಅಷ್ಟೇ. ಮಳೆಗಾಲದ ರಾತ್ರಿ ಬಸ್ ಇಲ್ಲದಿದ್ದರೂ 181ಕ್ಕೆ ಫೋನ್ ಮಾಡಬಹುದು.